ಚುಚ್ಚಿದವನಿಗೆ ಏನೂ ಇಲ್ಲ, ಚುಚ್ಚಿಸ್ಕೊಂಡವನಿಗೆ ಬೈಗುಳ: ಯುಎಫ್‌ಸಿ 321ರಲ್ಲಿ ನಿಜವಾಗ್ಲೂ ಕೆಟ್ಟಿದ್ದೇನು?

ಯುಎಫ್‌ಸಿ ಅಂದ್ರೆ ಕೇಜಿನೊಳಗೆ ಹೊಡೆದಾಟ, ಕುಸ್ತಿ ಎರಡೂ ಸೇರಿರೋ ಎಂಎಂಎ (ಮಿಕ್ಸೆಡ್ ಮಾರ್ಷಲ್ ಆರ್ಟ್ಸ್) ಫೈಟ್ ನಡೆಸೋ ಕಂಪನಿ. ಅದರ 321ನೇ ಕಾರ್ಡ್, ಅಂದ್ರೆ ಒಂದು ದಿನದ ಫೈಟ್‌ಗಳ ಸರಣಿ, ಅದರ ಮೇನ್ ಇವೆಂಟ್ ಬಗ್ಗೆ ಮಾತು ಎತ್ತಿದ್ರೆ ಸಾಕು ಜನ ಎರಡು ಪಾರ್ಟಿ ಆಗ್ಬಿಡ್ತಾರೆ. ಎದುರಾಳಿ ಬೆರಳು ತಗುಲಿ ಫೈಟ್ ನಿಂತಾಗ ಚಾಂಪಿಯನ್ ಟಾಮ್ ಆಸ್ಪಿನಾಲ್‌ಗೆ ನಿಜವಾಗ್ಲೂ ಕಣ್ಣು ಕಾಣ್ತಿರ್ಲಿಲ್ಲ ಅನ್ನೋರು ಒಂದು ಕಡೆ, ಸೋಲ್ತೀನಿ ಅಂತ ಗೊತ್ತಾಗಿ ಸ್ಟೂಲ್ ಮೇಲೆ ಕೂತ್ಬಿಟ್ಟ ಅನ್ನೋರು ಇನ್ನೊಂದು ಕಡೆ. ನನ್ ಪ್ರಕಾರ ಈ ಜಗಳದಲ್ಲಿ ಯಾರು ಗೆದ್ರೂ ಪ್ರಯೋಜನ ಇಲ್ಲ, ಯಾಕಂದ್ರೆ ಆವತ್ತು ಆಗಿದ್ದು ಇಬ್ಬರು ಫೈಟರ್‌ಗಳ ಸ್ವಭಾವದ ಕಥೆ ಅಲ್ವೇ ಅಲ್ಲ, ಈ ಆಟದಲ್ಲಿ ಕಣ್ಣಿಗೆ ಬೆರಳು ಹಾಕೋದು ಎಷ್ಟು ಅಗ್ಗ ಅನ್ನೋ ಕಥೆ. ಪೆಟ್ಟು ತಿಂದವನು ಎಲ್ಲಾ ಕಡೆಯಿಂದ್ಲೂ ಕಳ್ಕೋತಾನೆ, ಬೆರಳು ಚಾಚಿದವನಿಗೆ ಹೆಚ್ಚಂದ್ರೆ ಒಂದು ವಾರ್ನಿಂಗ್.

ಮೊದಲು ನಡೆದಿದ್ದು ಏನು ಅಂತ ಹೇಳ್ಬಿಡ್ತೀನಿ, ನೋಡದೇ ಇರೋರಿಗೆ. 2025 ಅಕ್ಟೋಬರ್ 25, ಅಬುಧಾಬಿಯ ಯಾಸ್ ಐಲ್ಯಾಂಡ್‌ನಲ್ಲಿರೋ ಎತಿಹಾದ್ ಅರೀನಾ. ಲಾಸ್ ವೇಗಸ್ ಕಾರ್ಡ್ ಆದ್ರೆ ನಮಗೆ ಭಾನುವಾರ ಬೆಳಗ್ಗೆ ಕಾಫಿ ಜೊತೆ ಬರುತ್ತೆ, ಅಬುಧಾಬಿ ಆದ್ರೆ ಶನಿವಾರ ರಾತ್ರಿ ನಿದ್ದೆ ಕೆಡಿಸುತ್ತೆ, ಇದೂ ಹಂಗೇ, ಮೇನ್ ಇವೆಂಟ್ ಬರೋ ಹೊತ್ತಿಗೆ ಇಲ್ಲಿ ಮಧ್ಯರಾತ್ರಿ ದಾಟಿ ಭಾನುವಾರ ಆಗೋಗಿತ್ತು. ಅದಕ್ಕಿಂತ ಮುಂಚೆ ಮೆಕೆಂಝಿ ಡರ್ನ್ ಮತ್ತೆ ವಿರ್ನಾ ಜಾಂಡಿರೋಬಾ ಐದು ರೌಂಡ್ ಕಾದಾಡಿ, ಝಾಂಗ್ ವೈಲಿ ಬಿಟ್ಟುಹೋಗಿದ್ದ ಮಹಿಳೆಯರ ಸ್ಟ್ರಾವೇಟ್ (ಕಮ್ಮಿ ತೂಕದವರ ವಿಭಾಗ) ಬೆಲ್ಟ್ ಡರ್ನ್ ಪಾಲಾಯ್ತು. ಆ ಫೈಟ್ ಬಗ್ಗೆ ಮಾರನೇ ದಿನ ಯಾರೂ ಮಾತೇ ಆಡ್ಲಿಲ್ಲ, ಪಾಪ.

ಆಮೇಲೆ ಹೆವಿವೇಟ್. ಇಂಗ್ಲೆಂಡಿನ ಆಸ್ಪಿನಾಲ್ ಚಾಂಪಿಯನ್, ಫ್ರಾನ್ಸ್‌ನ ಸಿರಿಲ್ ಗಾನ್ ಚಾಲೆಂಜರ್. ಆಸ್ಪಿನಾಲ್ ಈ ಫೈಟಿಗೆ ಎಷ್ಟು ಕಾದಿದ್ದ ಅನ್ನೋದು ಗೊತ್ತಿಲ್ದಿದ್ರೆ ಮುಂದಿನದ್ದು ಅರ್ಥ ಆಗಲ್ಲ. 2023 ನವೆಂಬರ್‌ನಲ್ಲಿ ಸೆರ್ಗೇ ಪಾವ್ಲೋವಿಚ್‌ನ 69 ಸೆಕೆಂಡ್‌ನಲ್ಲಿ ಮಲಗಿಸಿ ಇಂಟರಿಮ್ ಬೆಲ್ಟ್ (ಅಸಲಿ ಚಾಂಪಿಯನ್ ಆಡೋಕೆ ಆಗ್ದಿದ್ದಾಗ ಕೊಡೋ ತಾತ್ಕಾಲಿಕ ಪಟ್ಟ) ತಗೊಂಡ, 2024 ಜುಲೈನಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಕರ್ಟಿಸ್ ಬ್ಲೇಡ್ಸ್‌ನ ಸರಿಯಾಗಿ ಒಂದು ನಿಮಿಷದಲ್ಲಿ ಮುಗಿಸಿ ಅದನ್ನ ಉಳಿಸ್ಕೊಂಡ, ಅಸಲಿ ಬೆಲ್ಟ್ ಇಟ್ಕೊಂಡಿದ್ದ ಜಾನ್ ಜೋನ್ಸ್ ಇವನ ಜೊತೆ ಆಡೋಕೆ ಇವತ್ತು ನಾಳೆ ಅಂತ ಎಳ್ದೂ ಎಳ್ದೂ ಕೊನೆಗೆ 2025 ಜೂನ್‌ನಲ್ಲಿ ರಿಟೈರ್ ಆದ. ಅಂದ್ರೆ ಒಂದೂವರೆ ವರ್ಷಕ್ಕೂ ಹೆಚ್ಚು ಇಂಟರಿಮ್ ಹಣೆಪಟ್ಟಿ ಹೊತ್ಕೊಂಡು ಓಡಾಡಿದವನು ಪೂರ್ಣ ಪ್ರಮಾಣದ ಚಾಂಪಿಯನ್ ಆಗಿ ಮೊದಲ ಸಲ ಕೇಜಿಗೆ ಬಂದಿದ್ದು ಆವತ್ತು. ಯುಎಫ್‌ಸಿಯಲ್ಲಿ ಅವನು ಗೆದ್ದ ಎಂಟೂ ಫೈಟ್ ಸ್ಟಾಪೇಜ್, ಅಂದ್ರೆ ಟೈಮ್ ಮುಗಿಯೋ ಮುಂಚೆನೇ ಮುಗಿಸಿದ್ದು, ಅದ್ರಲ್ಲಿ ಎರಡನೇ ರೌಂಡ್‌ಗೆ ಹೋಗಿದ್ದು ಆರ್ಲೋವ್ಸ್ಕಿ ಜೊತೆಗಿನ ಒಂದೇ ಒಂದು.

ಗಾನ್ ಆವತ್ತು ಎಲ್ಲರೂ ಅಂದ್ಕೊಂಡಿದ್ದಕ್ಕಿಂತ ಚೆನ್ನಾಗೇ ಆಡ್ತಿದ್ದ. ಜ್ಯಾಬ್ (ಮುಂದಿನ ಕೈಯಿಂದ ನೇರ ಪಂಚ್) ಮೇಲೆ ಜ್ಯಾಬ್, ಆಸ್ಪಿನಾಲ್ ಮೂಗಲ್ಲಿ ರಕ್ತ, ಯಾವಾಗ್ಲೂ ನುಗ್ಗಿ ಮುಗಿಸೋ ಆಸಾಮಿ ಸ್ವಲ್ಪ ಯೋಚನೆ ಮಾಡೋ ಹಂಗಾಗಿತ್ತು. ರೌಂಡ್ ಮುಗಿಯೋಕೆ ಇನ್ನು 25 ಸೆಕೆಂಡ್ ಇರುವಾಗ ಗಾನ್ ಕೈ ಚಾಚಿದ, ಬೆರಳುಗಳು ಬಿಚ್ಕೊಂಡಿದ್ವು, ಅವು ಹೋಗಿ ಎರಡೂ ಕಣ್ಣಿಗೆ ತಗುಲಿದ್ವು. ರೆಫರಿ ಜೇಸನ್ ಹರ್ಝಾಗ್ ಟೈಮ್ ನಿಲ್ಲಿಸಿದ್ರು, ಡಾಕ್ಟರ್ ಬಂದ್ರು, ಆಸ್ಪಿನಾಲ್ ಕೂತ್ಕೊಂಡು ಬಲಗಣ್ಣು ಕಾಣ್ತಿಲ್ಲ ಅಂದ, ಕಾದ್ರು, ಕೊನೆಗೆ ಫೈಟ್ ಕ್ಯಾನ್ಸಲ್. ಅಧಿಕೃತ ರಿಸಲ್ಟ್: ನೋ ಕಾಂಟೆಸ್ಟ್, ಅಂದ್ರೆ ಯಾರೂ ಗೆದ್ದಿಲ್ಲ ಯಾರೂ ಸೋತಿಲ್ಲ, ಮೊದಲ ರೌಂಡ್ 4:35. ಜನ ಬೂ ಅಂತ ಕೂಗೋಕೆ ಶುರು ಮಾಡಿದ್ರು, ಅದೂ ಕಣ್ಣು ಮುಚ್ಕೊಂಡು ಕೂತವನ ಕಡೆ ನೋಡ್ಕೊಂಡು, ಅವನು ತಿರುಗಿ ಬೈದ. ಆನ್‌ಲೈನ್‌ನಲ್ಲಿ ಜಾನ್ ಜೋನ್ಸ್ ಗೇಲಿ ಮಾಡ್ದ. ಎದುರಾಳಿಗಳ ಮುಖಕ್ಕೆ ಬೆರಳು ಬಿಚ್ಚಿ ಕೈ ಹಿಡಿಯೋದ್ರಲ್ಲಿ ಇಡೀ ಕೆರಿಯರ್ ಹೆಸರು ಮಾಡಿದವನು ಅವನೇ, ಆದ್ರಿಂದ ಅವನ ಮಾತನ್ನ ಅಷ್ಟರಲ್ಲೇ ಇಟ್ಕೊಳ್ಳಿ.

ಈಗ ರೂಲ್ ಬುಕ್‌ಗೆ ಬರೋಣ, ಏನು ಆಗ್ಬೇಕು ಅಂತ ಅಲ್ಲಿ ಬರ್ದಿರೋದನ್ನ ಓದಿದ್ರೆ ಅರ್ಧ ಗೊಂದಲ ಕಮ್ಮಿ ಆಗುತ್ತೆ.

ಯೂನಿಫೈಡ್ ರೂಲ್ಸ್ ಅಂತಾರಲ್ಲ, 2000ನೇ ಇಸವಿಯಲ್ಲಿ ನ್ಯೂಜೆರ್ಸಿಯಲ್ಲಿ ಶುರುವಾಗಿ ಈಗ ಹೆಚ್ಚೂಕಮ್ಮಿ ಎಲ್ಲಾ ಕಡೆ ಚಾಲ್ತಿ ಇರೋದು, ಅದರ ಪ್ರಕಾರ ಫೌಲ್ ಬೇಕಂತಲೇ ಮಾಡಿದ್ದಾ ಇಲ್ಲಾ ಆಕಸ್ಮಿಕವಾ ಅನ್ನೋದೇ ಮೊದಲ ಪ್ರಶ್ನೆ. ಬೇಕಂತ ಮಾಡಿ ಎದುರಾಳಿ ಮುಂದುವರಿಯೋಕೆ ಆಗದೇ ಇದ್ರೆ ಮಾಡಿದವನು ಡಿಸ್ಕ್ವಾಲಿಫೈ, ಅಷ್ಟೇ. 2021 ಮಾರ್ಚ್‌ನಲ್ಲಿ ಪೀಟರ್ ಯಾನ್ ಕೆಳಗೆ ಮಂಡಿಯೂರಿದ್ದ ಆಲ್ಜಮೇನ್ ಸ್ಟರ್ಲಿಂಗ್ ತಲೆಗೆ ಮೊಣಕಾಲಲ್ಲಿ ಹೊಡ್ದು ಬೆಲ್ಟ್ ಕಳ್ಕೊಂಡಿದ್ದು ಹಿಂಗೇ, ಡಿಸ್ಕ್ವಾಲಿಫಿಕೇಷನ್‌ನಲ್ಲಿ ಯುಎಫ್‌ಸಿ ಬೆಲ್ಟ್ ಕೈ ಬದಲಾಯಿಸಿದ್ದು ಅದೇ ಮೊದಲು. ಆಕಸ್ಮಿಕ ಆದ್ರೆ ಬೇರೆ ಲೆಕ್ಕ: ಐದು ರೌಂಡ್ ಫೈಟ್‌ನಲ್ಲಿ ಮೂರು ರೌಂಡ್ ಮುಗಿಯೋ ಮುಂಚೆ ನಿಂತ್ರೆ ನೋ ಕಾಂಟೆಸ್ಟ್, ಆಮೇಲೆ ನಿಂತ್ರೆ ಅಲ್ಲಿವರೆಗಿನ ಸ್ಕೋರ್ ನೋಡಿ ತೀರ್ಪು. ಮೂರು ರೌಂಡ್ ಫೈಟ್ ಆದ್ರೆ ಎರಡು ರೌಂಡ್ ಮುಗ್ದಿರಬೇಕು.

ಆಕಸ್ಮಿಕ ಅನ್ನೋ ಪದದ ಒಳಗೇ ಇರೋದು ಸಮಸ್ಯೆ. ಕಣ್ಣಿಗೆ ಬೆರಳು ಹಾಕ್ಬೇಕು ಅಂತ ಯೋಚನೆ ಮಾಡಿ ಹಾಕೋರು ತುಂಬಾ ಕಮ್ಮಿ, ಗಾನ್ ಕೂಡ ಬೇಕಂತ ಮಾಡ್ಲಿಲ್ಲ ಅಂತ್ಲೇ ನಾನೂ ನಂಬೋದು. ಆದ್ರೆ ಬೆರಳು ಬಿಚ್ಚಿ ಎದುರಾಳಿ ಮುಖದ ಕಡೆ ಕೈ ಚಾಚೋದು ಆಕಸ್ಮಿಕ ಅಲ್ಲ ಸ್ವಾಮಿ, ಅದು ಅಭ್ಯಾಸ, ಮತ್ತೆ ತುಂಬಾ ಉಪಯೋಗಕ್ಕೆ ಬರೋ ಅಭ್ಯಾಸ. ಕೈ ಚಾಚಿದ್ರೆ ಎದುರಿನವನು ಎಷ್ಟು ದೂರ ಇದ್ದಾನೆ ಅಂತ ಅಳತೆ ಸಿಗುತ್ತೆ, ಅವನ ನೋಟಕ್ಕೆ ಅಡ್ಡ ಬರುತ್ತೆ, ಒಳಗೆ ನುಗ್ಗೋಕೆ ಬಂದ್ರೆ ಹಣೆಗೆ ಕೈ ಕೊಟ್ಟು ತಡೀಬಹುದು. ಗಾನ್ ಬಂದಿರೋದೇ ಥಾಯ್ಲೆಂಡ್‌ನ ಕಿಕ್‌ಬಾಕ್ಸಿಂಗ್ ಥರದ ಮುಯ್ ಥಾಯ್‌ನಿಂದ, ಅಲ್ಲಿ ಮುಂಗೈ ಚಾಚಿ ನಿಲ್ಲೋದು ಮೊದಲ ಪಾಠದಲ್ಲೇ ಬರೋ ಸಂಗತಿ. ಆದ್ರೆ ಅಲ್ಲಿ ಹಾಕೋದು ಬಾಕ್ಸಿಂಗ್ ಗ್ಲವ್, ಎಲ್ಲಾ ಬೆರಳು ಒಂದೇ ಗೂಡೊಳಗೆ, ಚಾಚಿದ್ರೂ ಮುಖಕ್ಕೆ ತಾಗೋದು ದಿಂಬು. ಎಂಎಂಎ ಗ್ಲವ್ ನಾಲ್ಕು ಔನ್ಸಿಂದು, ಗಂಟುಗಳ ಮೇಲೆ ಮಾತ್ರ ಪ್ಯಾಡ್, ಬೆರಳಿನ ಅರ್ಧ ಹೊರಗೆ, ಯಾಕಂದ್ರೆ ಹಿಡೀಬೇಕು, ಕುತ್ತಿಗೆ ಹಿಸುಕಬೇಕು. ಜೊತೆಗೆ ಅದರ ಹೊಲಿಗೆ ನೇರ ಇರೋದ್ರಿಂದ ಮುಷ್ಟಿ ಕಟ್ಟೋಕೆ ಫೈಟರ್ ಸ್ವಲ್ಪ ಬಲ ಹಾಕ್ಬೇಕು, ಸುಸ್ತಾಗಿ ಕೈ ಸಡಿಲ ಬಿಟ್ರೆ ಬೆರಳು ತಾನಾಗೇ ಬಿಚ್ಕೊಳ್ಳುತ್ತೆ.

ಇದಕ್ಕೆ ರೂಲ್ ಇಲ್ವಾ ಅಂದ್ರೆ ಇದೆ! ಬೆರಳು ಚಾಚಿ ಎದುರಾಳಿಯ ಮುಖ ಅಥವಾ ಕಣ್ಣಿನ ಕಡೆ ತೋರಿಸೋದೇ ಫೌಲ್ ಅಂತ ರೂಲ್ ಸೇರಿಸಿ ಎಷ್ಟೋ ವರ್ಷ ಆಯ್ತು. ಕಣ್ಣಿಗೆ ತಾಗ್ಲೇಬೇಕು ಅಂತ ಇಲ್ಲ. ಮುಷ್ಟಿ ಕಟ್ಟು, ಇಲ್ಲಾ ಬೆರಳು ಮೇಲಕ್ಕೆ ಮಾಡು, ಅಷ್ಟೇ ಕೇಳೋದು. ಫೈಟ್ ನೋಡುವಾಗ ರೆಫರಿ "ಫಿಂಗರ್ಸ್! ವಾಚ್ ಯುವರ್ ಫಿಂಗರ್ಸ್!" ಅಂತ ಕೂಗೋದು ನೀವೂ ಕೇಳಿರ್ತೀರ. ಕೂಗ್ತಾರೆ, ಫೈಟರ್ ತಲೆ ಆಡಿಸ್ತಾನೆ, ಹತ್ತು ಸೆಕೆಂಡ್ ಆದ್ಮೇಲೆ ಮತ್ತೆ ಅದೇ ಕೈ ಹಂಗೇ ಬರುತ್ತೆ.

ಯಾಕೆ ಪಾಯಿಂಟ್ ಕಟ್ ಮಾಡಲ್ಲ ಅನ್ನೋದಕ್ಕೆ ರೆಫರಿಗಳನ್ನ ಹೇಡಿಗಳು ಅಂತ ಬೈಯೋದು ಸುಲಭ, ಆದ್ರೆ ಲೆಕ್ಕ ಹಾಕಿ ನೋಡಿ. ಹತ್ತು ಪಾಯಿಂಟ್ ಸಿಸ್ಟಮ್, ರೌಂಡ್ ಗೆದ್ದವನಿಗೆ 10, ಸೋತವನಿಗೆ ಸಾಮಾನ್ಯವಾಗಿ 9. ಮೂರು ರೌಂಡ್ ಫೈಟ್‌ನಲ್ಲಿ ಒಬ್ಬ ಎರಡು ರೌಂಡ್ ಗೆದ್ರೆ 29-28. ಅವನದ್ದೊಂದು ಪಾಯಿಂಟ್ ಕಿತ್ರೆ 28-28, ಡ್ರಾ. ಅಂದ್ರೆ ಒಂದು ಪಾಯಿಂಟ್ ಅಂದ್ರೆ ಹೆಚ್ಚೂಕಮ್ಮಿ ಒಂದು ಇಡೀ ರೌಂಡ್, ಐದು ನಿಮಿಷದ ಬೆವರು. ಅಷ್ಟು ದೊಡ್ಡ ಕೊಡ್ಲಿ ಒಂದೇ ಕೈಯಲ್ಲಿರೋ ರೆಫರಿ ಅದನ್ನ ಎತ್ತೋಕೆ ಹೆದರ್ತಾನೆ, ಸಹಜ. ವಾರ್ನಿಂಗ್‌ಗೆ ಬೆಲೆ ಇಲ್ಲ, ಪಾಯಿಂಟ್‌ಗೆ ಬೆಲೆ ವಿಪರೀತ, ಮಧ್ಯದಲ್ಲಿ ಏನೂ ಇಲ್ಲ. ಇದನ್ನ ಎಲ್ಲಾ ಫೈಟರ್‌ಗಳೂ ಬಾಯಲ್ಲಿ ಹೇಳ್ದೇ ಇದ್ರೂ ಚೆನ್ನಾಗಿ ಅರ್ಥ ಮಾಡ್ಕೊಂಡಿದ್ದಾರೆ, ಮೊದಲನೇದು ಫ್ರೀ.

ಇನ್ನು ಪೆಟ್ಟು ತಿಂದವನ ಕಡೆಯಿಂದ ನೋಡಿ. ಐದು ನಿಮಿಷದವರೆಗೆ ಟೈಮ್ ಸಿಗುತ್ತೆ. ಡಾಕ್ಟರ್ ಬಂದು ಕಾಣ್ತಿದ್ಯಾ ಅಂತ ಕೇಳ್ತಾರೆ. ಕಾಣ್ತಿಲ್ಲ ಅಂತ ನಿಜ ಹೇಳಿದ್ರೆ ಫೈಟ್ ಅಲ್ಲಿಗೇ ಮುಗೀತು, ಹಳೇ ಹುಲಿಗಳಿಗೆಲ್ಲಾ ಗೊತ್ತಿರೋ ಗುಟ್ಟು ಇದು, ಅದಕ್ಕೇ ಅವರು ಮಬ್ಬಾಗಿದೆ, ಸ್ವಲ್ಪ ಟೈಮ್ ಕೊಡಿ ಅಂತಾರೇ ಹೊರತು ಕಾಣ್ತಿಲ್ಲ ಅನ್ನೋ ಪದ ಬಾಯಿಗೇ ತರಲ್ಲ. ಸುಮಾರು ಫೈಟರ್‌ಗಳ ಕಾಂಟ್ರ್ಯಾಕ್ಟ್‌ನಲ್ಲಿ ಕೇಜಿಗೆ ಬಂದಿದ್ದಕ್ಕೆ ಇಷ್ಟು, ಗೆದ್ರೆ ಇನ್ನಿಷ್ಟು ಅಂತ ದುಡ್ಡು ಇರುತ್ತೆ, ನೋ ಕಾಂಟೆಸ್ಟ್ ಆದ್ರೆ ಆ ಎರಡನೇ ಭಾಗಕ್ಕೆ ಹಕ್ಕಿಲ್ಲ. ಹಾಗಾಗಿ ದುಡ್ಡು ಬೇಕು ಅಂದ್ರೆ ಅರ್ಧ ಕುರುಡಾಗಿ ಆಡು. ಆಡಿ ಸೋತ್ರೆ? ಸೋಲು ಸೋಲೇ, ದಾಖಲೆಯಲ್ಲಿ ಕಣ್ಣಿನ ಮಾತು ಬರಲ್ಲ.

ಡೇನಿಯಲ್ ಕಾರ್ಮಿಯರ್, ಸ್ಟೀಪೆ ಮಿಯೋಚಿಚ್ ಇಬ್ಬರ ಕಥೆ ಇದಕ್ಕೆ ಸರಿಯಾದ ಉದಾಹರಣೆ, ಮತ್ತೆ ಅದ್ರಲ್ಲಿ ಯಾರೂ ಸಾಚಾ ಅಲ್ಲ ಅನ್ನೋದೇ ಅದರ ಸ್ವಾರಸ್ಯ. 2018 ಜುಲೈ, ಯುಎಫ್‌ಸಿ 226, ಮೊದಲ ಫೈಟ್. ಮೊದಲ ರೌಂಡ್‌ನಲ್ಲಿ ಕಾರ್ಮಿಯರ್ ಬೆರಳು ಮಿಯೋಚಿಚ್ ಕಣ್ಣಿಗೆ ತಾಗಿ ಫೈಟ್ ನಿಂತ್ಕೊಳ್ತು, ಶುರುವಾದ ಸ್ವಲ್ಪ ಹೊತ್ತಿಗೆ ಅದೇ ರೌಂಡ್‌ನಲ್ಲಿ ಕಾರ್ಮಿಯರ್ ನಾಕೌಟ್ ಮಾಡಿ ಹೆವಿವೇಟ್ ಬೆಲ್ಟ್ ತಗೊಂಡ. 2020 ಆಗಸ್ಟ್, ಯುಎಫ್‌ಸಿ 252, ಮೂರನೇ ಫೈಟ್. ಈ ಸಲ ಮಿಯೋಚಿಚ್ ಬೆರಳು ಕಾರ್ಮಿಯರ್ ಎಡಗಣ್ಣಿಗೆ. ರೆಫರಿ ಮಾರ್ಕ್ ಗೊಡಾರ್ಡ್‌ಗೆ ಅದು ಪಂಚ್ ಥರ ಕಾಣಿಸ್ತು, ಆಟ ಮುಂದುವರೀತು, ಕಾರ್ಮಿಯರ್ ರೌಂಡ್‌ಗಳ ನಡುವಿನ ಬಿಡುವಲ್ಲಿ ತನ್ನ ಕಾರ್ನರ್‌ನ ಕೋಚ್‌ಗಳಿಗೆ ಆ ಕಣ್ಣಲ್ಲಿ ಏನೂ ಕಾಣ್ತಿಲ್ಲ ಅಂತ ಹೇಳಿ ಮತ್ತೆ ಎದ್ದುಹೋಗಿ ಆಡಿ ಪಾಯಿಂಟ್ಸ್‌ನಲ್ಲಿ ಸೋತು ರಿಟೈರ್ ಆದ. ಕಣ್ಣಿನ ಕಾರ್ನಿಯಾ ಹರಿದಿತ್ತು. ಆವತ್ತು ಅವನನ್ನ ಗಂಡೆದೆ ಅಂತ ಹೊಗಳಿದ್ರು ಸರಿ, ಆದ್ರೆ ಆ ಹೊಗಳಿಕೆ ತಗೊಂಡು ಏನ್ ಮಾಡೋದು, ಬೆಲ್ಟ್ ಸಿಗ್ಲಿಲ್ವಲ್ಲ. ಇಷ್ಟೆಲ್ಲಾ ನೋಡಿದ ಮೇಲೂ ಆಸ್ಪಿನಾಲ್ ಮುಂದುವರಿಸ್ಬೇಕಿತ್ತು ಅನ್ನೋರಿಗೆ ನನ್ನ ಹತ್ರ ಉತ್ತರ ಇಲ್ಲ.

ಕಣ್ಣು ಹೋದ್ರೂ ಆಡೋದನ್ನ ಈ ಆಟ ಮೊದಲಿಂದ್ಲೂ ದೊಡ್ಡ ಗುಣ ಅಂತ ಮೆರೆಸ್ಕೊಂಡು ಬಂದಿದೆ. 1993 ನವೆಂಬರ್‌ನಲ್ಲಿ ಡೆನ್ವರ್‌ನಲ್ಲಿ ನಡೆದ ಮೊದಲ ಯುಎಫ್‌ಸಿಯನ್ನ ರೂಲ್ಸೇ ಇಲ್ಲ ಅಂತ ಮಾರಿದ್ರು, ಅಂಥಾ ಕಡೇನೂ ಕಚ್ಚೋ ಹಂಗಿಲ್ಲ, ಕಣ್ಣಿಗೆ ಕೈ ಹಾಕೋ ಹಂಗಿಲ್ಲ ಅಂತ ಇತ್ತು. ಆ ಟೂರ್ನಮೆಂಟ್ ಫೈನಲ್ ಆಡಿದ ಡಚ್ಚರ ಜೆರಾರ್ಡ್ ಗೋರ್ಡೋ 1995ರಲ್ಲಿ ಟೋಕಿಯೋದ ಬುಡೋಕಾನ್‌ನಲ್ಲಿ ನಡೆದ ವೇಲ್ ಟುಡೋ ಜಪಾನ್ ಅನ್ನೋ ಟೂರ್ನಮೆಂಟ್‌ಗೆ ಹೋದ. ಅಲ್ಲಿ ಎದುರಿಗೆ ಯೂಕಿ ನಕಾಯ್, ಇವನಿಗಿಂತ ತುಂಬಾ ಚಿಕ್ಕ ಆಳು. ಗೋರ್ಡೋ ಕಣ್ಣಿಗೆ ಬೆರಳು ತುರುಕಿದ, ನಕಾಯ್ ಬಲಗಣ್ಣಿನ ದೃಷ್ಟಿ ಹೋಯ್ತು, ಶಾಶ್ವತವಾಗಿ. ಆ ಸ್ಥಿತಿಯಲ್ಲೇ ಅವನು ಆ ಫೈಟ್ ಗೆದ್ದ, ಅದೇ ರಾತ್ರಿ ಮುಂದಿನ ಫೈಟೂ ಗೆದ್ದ, ಫೈನಲ್‌ನಲ್ಲಿ ರಿಕ್ಸನ್ ಗ್ರೇಸಿ ಕೈಲಿ ಸೋತ. ಆಮೇಲೆ ಕಣ್ಣು ಹೋಗಿರೋ ವಿಷಯ ಹೊರಗೆ ಬಂದ್ರೆ ಜಪಾನ್‌ನಲ್ಲಿ ಆಗಷ್ಟೇ ಬೆಳೀತಿದ್ದ ಆಟಕ್ಕೆ ಕೆಟ್ಟ ಹೆಸರು ಬರುತ್ತೆ ಅಂತ ವರ್ಷಗಟ್ಲೆ ಬಾಯಿ ಮುಚ್ಕೊಂಡಿದ್ದ. ಅವನ ಧೈರ್ಯದ ಬಗ್ಗೆ ಎರಡು ಮಾತಿಲ್ಲ. ಆದ್ರೆ ಆ ಕಥೇನ ಹೇಳುವಾಗೆಲ್ಲಾ ನಾವು ನಕಾಯ್ ಎಷ್ಟು ಗಟ್ಟಿ ಅಂತ ಹೇಳ್ತೀವಿ, ಗೋರ್ಡೋಗೆ ಏನಾಯ್ತು ಅಂತ ಕೇಳೋದೇ ಇಲ್ಲ.

ಬೂ ಅಂತ ಕೂಗಿದ ಜನರನ್ನ ಪೂರ್ತಿ ಬೈಯೋಕೂ ನನಗೆ ಮನಸ್ಸಿಲ್ಲ. ದುಡ್ಡು ಕೊಟ್ಟು ಬಂದಿರ್ತಾರೆ, ಐದು ನಿಮಿಷದೊಳಗೆ ಗೆಲುವೂ ಇಲ್ಲ ಸೋಲೂ ಇಲ್ಲ ಅಂತ ಲೈಟ್ ಹಾಕ್ಬಿಟ್ರೆ ಹೊಟ್ಟೆ ಉರಿಯುತ್ತೆ. 2019 ಸೆಪ್ಟೆಂಬರ್‌ನಲ್ಲಿ ಮೆಕ್ಸಿಕೋ ಸಿಟಿಯಲ್ಲಿ ಯಾಯಿರ್ ರೋಡ್ರಿಗಸ್ ಬೆರಳು ಜೆರೆಮಿ ಸ್ಟೀಫನ್ಸ್ ಕಣ್ಣಿಗೆ ತಾಗಿ ಮೇನ್ ಇವೆಂಟ್ 15 ಸೆಕೆಂಡ್‌ನಲ್ಲಿ ಮುಗ್ದಾಗ ಜನ ಕೇಜಿನ ಕಡೆ ಸಿಕ್ಕಿದ್ದೆಲ್ಲಾ ಎಸೆದ್ರು, ಅಲ್ಲೂ ಕೋಪ ತಿರುಗಿದ್ದು ಪೆಟ್ಟು ತಿಂದ ಸ್ಟೀಫನ್ಸ್ ಮೇಲೇನೇ. 2021 ಮಾರ್ಚ್‌ನಲ್ಲಿ ಲಿಯಾನ್ ಎಡ್ವರ್ಡ್ಸ್, ಬೆಲಾಲ್ ಮಹಮ್ಮದ್ ಫೈಟ್ ಎರಡನೇ ರೌಂಡ್ 18ನೇ ಸೆಕೆಂಡಿಗೆ ನಿಂತಾಗ ಮಾತ್ರ ಖಾಲಿ ಹಾಲ್, ಕೋವಿಡ್ ಕಾಲ, ಬೆಲಾಲ್ ನೋವಿಗೆ ಅಳೋ ಸದ್ದು ಟಿವಿಯಲ್ಲಿ ಸ್ಪಷ್ಟವಾಗಿ ಕೇಳಿಸ್ತು. ಆಗ ಯಾರೂ ನಾಟಕ ಅನ್ಲಿಲ್ಲ. ಅಂದ್ರೆ ಪೆಟ್ಟು ತಿಂದವನು ಎಷ್ಟು ಜೋರಾಗಿ ಅತ್ತ ಅನ್ನೋದ್ರ ಮೇಲೆ ನಾವು ನಂಬಿಕೆ ಅಳೀತಿದ್ದೀವಿ, ಆಸ್ಪಿನಾಲ್ ಸುಮ್ನೆ ಕೂತಿದ್ದೇ ತಪ್ಪಾಯ್ತು. ಆಮೇಲೆ ಅವನು ಮೆಡಿಕಲ್ ರಿಪೋರ್ಟ್ ಹೊರಗಿಟ್ಟ, ಅದ್ರಲ್ಲಿ ಬ್ರೌನ್ಸ್ ಸಿಂಡ್ರೋಮ್ ಅಂತ ಇತ್ತು, ಕಣ್ಣುಗುಡ್ಡೆ ಸರಿಯಾಗಿ ಮೇಲಕ್ಕೆ ತಿರುಗದೇ ಇರೋ ತೊಂದರೆ, ಅದೂ ಎರಡೂ ಕಣ್ಣಿಗೆ. ಇಷ್ಟಾದ್ಮೇಲೂ ಸುಳ್ಳು ಅನ್ನೋರು ಇದ್ದಾರೆ ಬಿಡಿ, ಅವರಿಗೆ ಎಕ್ಸ್‌ರೇ ತೋರಿಸಿದ್ರೂ ಅಷ್ಟೇ.

ಹಂಗಾದ್ರೆ ಪರಿಹಾರ ಗ್ಲವ್ ಬದಲಾಯಿಸೋದಾ? ಎಲ್ಲರೂ ಮೊದಲು ಹೇಳೋದು ಇದನ್ನೇ. ಜಪಾನ್‌ನಲ್ಲಿ ಪ್ರೈಡ್ ಅನ್ನೋ ಫೈಟ್ ಕಂಪನಿ ಇದ್ದ ಕಾಲದಲ್ಲಿ ಬೆರಳು ಬಾಗಿಸಿಟ್ಟ ಹಂಗೆ ಹೊಲಿದಿರೋ ಗ್ಲವ್ ಇತ್ತು, ಕೋಚ್ ಟ್ರೆವರ್ ವಿಟ್‌ಮನ್ ಕೂಡ ಅಂಥದ್ದೇ ಒಂದು ಮಾಡಿದ್ದಾರೆ, ಕೈ ಸಡಿಲ ಬಿಟ್ರೂ ಬೆರಳು ಒಳಮುಖ ಇರುತ್ತೆ. ಯುಎಫ್‌ಸಿ 2024 ಜೂನ್‌ನಲ್ಲಿ 302ನೇ ಕಾರ್ಡಿಂದ ಹೊಸ ಗ್ಲವ್ ತಂತು, ಕಣ್ಣಿಗೆ ಬೆರಳು ಹೋಗೋದು ಕಮ್ಮಿ ಆಗುತ್ತೆ ಅಂತ ಡಂಗುರ ಹೊಡ್ಕೊಂಡು. ಫೈಟರ್‌ಗಳಿಗೆ ಒಗ್ಲಿಲ್ಲ, ನಾಕೌಟ್ ಕಮ್ಮಿ ಆಗ್ತಿದೆ ಅಂತ ಗುಲ್ಲೆದ್ದಿತು, ಅದೇ ವರ್ಷ ನವೆಂಬರ್‌ನ 309ಕ್ಕೆ ಹಳೇ ಗ್ಲವ್ ವಾಪಸ್. ಆರು ತಿಂಗಳೂ ಬಾಳಲಿಲ್ಲ. ಕಣ್ಣಾ ನಾಕೌಟಾ ಅನ್ನೋ ಪ್ರಶ್ನೆ ಬಂದಾಗ ಕಂಪನಿ ಯಾವ ಕಡೆ ವಾಲುತ್ತೆ ಅಂತ ಅಲ್ಲೇ ಗೊತ್ತಾಯ್ತು ಅಂತ ನಾನಂದ್ರೆ ಸ್ವಲ್ಪ ಖಾರ ಆಗ್ಬಹುದು, ಆದ್ರೆ ಹಂಗೇ ಕಾಣೋದು. ಒಳ್ಳೇ ಗ್ಲವ್ ಬಂದ್ರೆ ಸಹಾಯ ಆಗುತ್ತೆ, ಇಲ್ಲ ಅನ್ನಲ್ಲ. ಬೆರಳು ಹೊರಗಿರೋ ತನಕ ಮಾತ್ರ ಗ್ಲವ್ ಒಂದರಿಂದ್ಲೇ ಇದು ನಿಲ್ಲಲ್ಲ.

ಬದಲಾಗಬೇಕಿರೋದು ಶಿಕ್ಷೆಯ ಲೆಕ್ಕ. ಕ್ರಿಕೆಟ್‌ನಲ್ಲಿ ಬೌಲರ್ ಕಾಲು ಗೆರೆ ದಾಟಿದ್ರೆ ನೋ ಬಾಲ್, ಬೇಕಂತ ದಾಟಿದ್ನಾ ಅಂತ ಅಂಪೈರ್ ಕೇಳಲ್ಲ, ಬ್ಯಾಟ್ಸ್‌ಮನ್‌ಗೆ ತೊಂದರೆ ಆಯ್ತಾ ಅಂತ ಕಾಯಲ್ಲ, ಕಾಲು ದಾಟ್ತು ಮುಗೀತು. ಇಲ್ಲೂ ಬೆರಳು ಮುಖದ ಕಡೆ ಬಿಚ್ಕೊಂಡ್ರೆ ಅಲ್ಲೇ ಕರೀಬೇಕು, ಕಣ್ಣಿಗೆ ತಾಗೋವರೆಗೆ ಕಾಯ್ಬಾರ್ದು, ರೂಲ್ ಈಗಾಗ್ಲೇ ಇದೆ, ಜಾರಿ ಮಾಡೋದಷ್ಟೇ ಬಾಕಿ. ಪಾಯಿಂಟ್ ಅನ್ನೋ ಕೊಡಲಿ ಎತ್ತೋಕೆ ಭಯ ಆದ್ರೆ ಪ್ರೈಡ್‌ನವರು ಮಾಡ್ತಿದ್ದಿದ್ದನ್ನ ತರಬಹುದು: ಯೆಲ್ಲೋ ಕಾರ್ಡ್, ಒಂದು ಕಾರ್ಡಿಗೆ ಫೈಟರ್ ದುಡ್ಡಲ್ಲಿ ಶೇಕಡ 10 ಕಟ್. ಅಲ್ಲಿ ಅದನ್ನ ಹೆಚ್ಚಾಗಿ ಆಡದೇ ಸುಮ್ನೆ ಕಾಲ ಕಳೆಯೋರಿಗೆ ತೋರಿಸ್ತಿದ್ರು, ಇಲ್ಲಿ ಬೆರಳಿಗೆ ತೋರಿಸ್ಲಿ. ಫೈಟಿನ ಸ್ಕೋರ್ ಹಾಳಾಗಲ್ಲ, ರೆಫರಿಗೆ ಒಂದು ರೌಂಡ್ ಕಿತ್ಕೊಂಡ ಪಾಪಪ್ರಜ್ಞೆ ಇರಲ್ಲ, ಆದ್ರೆ ಜೇಬಿಗೆ ಬಿಸಿ ತಟ್ಟುತ್ತೆ. ಎರಡನೇ ಸಲಕ್ಕೆ ಪಾಯಿಂಟ್. ಕಣ್ಣಿಗೆ ತಾಗಿ ಫೈಟ್ ನಿಂತ್ರೆ, ಆಕಸ್ಮಿಕನೇ ಆಗ್ಲಿ, ಪಾಯಿಂಟ್ ಹೋಗ್ಲೇಬೇಕು.

ಇದಕ್ಕೆ ಒಂದು ಆಕ್ಷೇಪ ಬರುತ್ತೆ, ಮತ್ತೆ ಅದು ಸಣ್ಣದಲ್ಲ. ಪಾಯಿಂಟ್ ಗ್ಯಾರಂಟಿ ಅಂತ ಆದ್ರೆ ಸೋಲ್ತಿರೋನು ಕಣ್ಣು ಹಿಡ್ಕೊಂಡು ಬಿದ್ದು ನಾಟಕ ಆಡಲ್ವಾ? ಆಡೋರು ಇರ್ತಾರೆ. ಅದಕ್ಕೇ ನಾನು ಹೇಳೋದು, ಶಿಕ್ಷೆಯನ್ನ ಪೆಟ್ಟು ತಿಂದವನ ನೋವಿಗೆ ಕಟ್ಟಬೇಡಿ, ಚಾಚಿದವನ ಬೆರಳಿಗೆ ಕಟ್ಟಿ. ಬೆರಳು ಬಿಚ್ಕೊಂಡಿತ್ತಾ ಇಲ್ವಾ ಅನ್ನೋದು ರಿಪ್ಲೇನಲ್ಲಿ ಕಾಣುತ್ತೆ, ಯಾರ ಕಣ್ಣೊಳಗೂ ಇಣುಕಿ ನೋಡ್ಬೇಕಾಗಿಲ್ಲ. ಅಬುಧಾಬಿಯಲ್ಲಿ ಸ್ಲೋ ಮೋಷನ್ ಬಂದಾಗ ಗಾನ್ ಕೈ ಹೆಂಗಿತ್ತು ಅಂತ ಇಡೀ ಪ್ರಪಂಚ ನೋಡ್ತು, ಅದ್ರ ಬಗ್ಗೆ ಎರಡು ಅಭಿಪ್ರಾಯ ಇರ್ಲೇ ಇಲ್ಲ. ಎರಡು ಅಭಿಪ್ರಾಯ ಇದ್ದಿದ್ದು ಆಸ್ಪಿನಾಲ್ ಕಣ್ಣಿನ ಬಗ್ಗೆ ಮಾತ್ರ.

ಗಾನ್‌ಗೂ ಇದ್ರಲ್ಲಿ ನಷ್ಟ ಆಯ್ತು ಅನ್ನೋದನ್ನ ಮರೀಬಾರ್ದು. 2022 ಜನವರಿಯಲ್ಲಿ ಎಂಗಾನೂ ಕೈಲಿ, 2023 ಮಾರ್ಚ್‌ನಲ್ಲಿ ಜೋನ್ಸ್ ಕೈಲಿ ಸೋತು ಅಸಲಿ ಬೆಲ್ಟ್‌ಗೆ ಮೂರನೇ ಸಲ ಕೈ ಹಾಕಿದ್ದ, ಜೋನ್ಸ್ ಜೊತೆ ಎರಡು ನಿಮಿಷ ಚಿಲ್ಲರೆಯಲ್ಲಿ ಮುಗ್ದುಹೋದವನು ಈ ಸಲ ಬಹುಶಃ ಜೀವಮಾನದ ಒಳ್ಳೇ ರೌಂಡ್ ಆಡ್ತಿದ್ದ, ಆ ರೌಂಡ್ ಈಗ ಲೆಕ್ಕಕ್ಕೇ ಇಲ್ಲ. ನೋ ಕಾಂಟೆಸ್ಟ್ ಆದ್ರೆ ಬೆಲ್ಟ್ ಚಾಂಪಿಯನ್ ಹತ್ರಾನೇ ಉಳಿಯುತ್ತೆ, ಚಾಂಪಿಯನ್ ಕಣ್ಣಿನ ಡಾಕ್ಟರ್ ಹತ್ರ, ಡಿವಿಷನ್ ಪೂರ್ತಿ ಸ್ಟಾಪ್. ಜೋನ್ಸ್‌ಗೋಸ್ಕರ ಅಷ್ಟು ಕಾಲ ನಿಂತಿದ್ದ ಹೆವಿವೇಟ್ ಕ್ಯೂ ಮತ್ತೆ ಅಲ್ಲೇ ನಿಂತ್ಕೊಳ್ತು, ಅದಕ್ಕೆ ಕಾರಣ ಆದ ಬೆರಳಿನ ಹೆಸರಲ್ಲಿ ಒಂದು ಪಾಯಿಂಟೂ ಕಟ್ ಆಗ್ಲಿಲ್ಲ, ಯಾಕಂದ್ರೆ ಹಿಂಗೆ ನೋ ಕಾಂಟೆಸ್ಟ್ ಆಗಿ ನಿಂತುಹೋದ ಫೈಟ್‌ನಲ್ಲಿ ಕಟ್ ಮಾಡೋಕೆ ಸ್ಕೋರ್‌ಕಾರ್ಡೇ ಇರಲ್ಲ. ಹಾಗಾಗಿ ಇವತ್ತಿನ ರೂಲ್ ಪ್ರಕಾರ ಫೈಟ್ ನಿಲ್ಲಿಸುವಷ್ಟು ಜೋರಾಗಿ ಚುಚ್ಚಿದವನಿಗೇ ಅತಿ ಕಮ್ಮಿ ಶಿಕ್ಷೆ.